ದಾರಿ ತೋರುವ ನಕ್ಷೆ

ನಮ್ಮ ಕಾಲೇಜಿನ ಮಹಾದ್ವಾರವು ಆವರಣದ ಉತ್ತರದ ಅಂಚಿನಲ್ಲಿದೆ. ದ್ವಾರವನ್ನು ದಾಟಿದೊಡನೆ ಕಣ್ಣಿಗೆ ಬೀಳುವಂತೆ, ಆವರಣದ ನಕ್ಷೆಯನ್ನು ದೊಡ್ಡದೊಂದು ಹಲಗೆಯ ಮೇಲೆ ಬರೆಯಿಸಿ ಅಲ್ಲಿ ನಿಲ್ಲಿಸಲಾಗಿತ್ತು. ಕೆಲವು ವರ್ಷಗಳ ಹಿಂದೆ, ಪ್ರವೇಶ ಪರೀಕ್ಷೆಯೊಂದು ನಡೆದ ದಿನ, ದೂರದ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಆ ಹಲಗೆಯ ಮುಂದೆ ನಿಂತು, ತಾನು ಸೇರಬೇಕಾದ ವಿಜ್ಞಾನ ವಿಭಾಗದ ಕಟ್ಟಡವನ್ನು ಹುಡುಕಿದಳು. ಅದು ನಕ್ಷೆಯ ಬಲಭಾಗದಲ್ಲಿತ್ತು. ಆಕೆ ಬಲಕ್ಕೆ ತಿರುಗಿ ಅವಸರದಿಂದ ನಡೆದಳು. ಹೋಗಿ ಸೇರಿದುದು ವಿದ್ಯಾರ್ಥಿನಿಲಯದ ಅಡುಗೆಮನೆಯ ಹಿತ್ತಿಲನ್ನು. ಅಲ್ಲಿ ಯಾರನ್ನೋ ವಿಚಾರಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿ, ಓಡುತ್ತ ಪರೀಕ್ಷೆಯ ಕೊಠಡಿಯ ಬಾಗಿಲಿಗೆ ಬರುವ ವೇಳೆಗೆ ಪ್ರವೇಶದ ಅವಧಿ ಮುಗಿದು ನಾಲ್ಕು ನಿಮಿಷಗಳಾಗಿದ್ದುವು. ಅಂದು ಆ ಕೊಠಡಿಯ ಮೇಲ್ವಿಚಾರಣೆ ನಮ್ಮದಾಗಿತ್ತು. ನಿಯಮದಂತೆ ‘ಇಲ್ಲ’ ಎಂದು ಹೇಳಬೇಕಾದವರೂ ನಾವೇ ಆದೆವು.

ಸಂಜೆ ನಾವು ಆ ಹಲಗೆಯ ಮುಂದೆ ನಿಂತು ನಕ್ಷೆಯನ್ನು ಪರೀಕ್ಷಿಸಿದೆವು. ಅದರಲ್ಲಿ ಒಂದು ಅಳತೆಯೂ ತಪ್ಪಾಗಿರಲಿಲ್ಲ. ವಿಜ್ಞಾನ ವಿಭಾಗವು ಆವರಣದ ಪೂರ್ವಕ್ಕಿದೆ. ನಕ್ಷೆಯಲ್ಲಿ ಪೂರ್ವವು ಬಲಗಡೆಯಲ್ಲಿತ್ತು. ಇಷ್ಟು ಸರಿಯಾದ ನಕ್ಷೆಯು ಅಷ್ಟು ತಪ್ಪಾದ ದಾರಿಯನ್ನು ತೋರಿಸಿದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ, ನಮ್ಮ ವಿದ್ಯಾರ್ಥಿಗಳೊಡಗೂಡಿ ಹೊಸದೊಂದು ನಕ್ಷೆಯನ್ನು ಸಿದ್ಧಗೊಳಿಸಿದೆವು. ಆಗ ಕಲಿತುಕೊಂಡ ಕೆಲವು ವಿಷಯಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಎರಡು ಬಗೆಯ ನಕ್ಷೆಗಳು

‘ಯಾವ ವಸ್ತು ಎಲ್ಲಿದೆ?’ ಎಂಬುದು ಒಂದು ಪ್ರಶ್ನೆ. ‘ನಾನು ಅಲ್ಲಿಗೆ ಹೋಗುವುದು ಹೇಗೆ?’ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು ಭೂಮಾಪನದ ನಕ್ಷೆ. ಗಡಿ, ವಿಸ್ತೀರ್ಣ, ಚರಂಡಿ, ವಿದ್ಯುತ್ ಕಂಬ ಇವೆಲ್ಲವೂ ಅದರಲ್ಲಿ ಇರಬೇಕಾದುವೇ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ದಾರಿಯ ನಕ್ಷೆ. ಕಟ್ಟಡ ಕಟ್ಟುವ ಇಂಜಿನಿಯರನಿಗಾಗಿ ಬರೆದ ನಕ್ಷೆಯನ್ನೇ ಹಲಗೆಗೆ ಏರಿಸಿಬಿಡುವುದು ಅನೇಕ ಕಡೆಗಳಲ್ಲಿ ನಡೆದುಬಂದಿರುವ ಪದ್ಧತಿ. ತೊಂದರೆಯ ಮೂಲ ಇಲ್ಲಿಯೇ ಇದೆ.

ಈ ಭೇದವನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವನು ಹ್ಯಾರಿ ಬೆಕ್. ಲಂಡನ್ನಿನ ನೆಲದೊಳಗಿನ ರೈಲು ಸಂಸ್ಥೆಯಲ್ಲಿ ವಿದ್ಯುತ್ ಮಂಡಲಗಳ ಚಿತ್ರಗಳನ್ನು ಬರೆಯುವುದು ಅವನ ಕೆಲಸವಾಗಿತ್ತು. ೧೯೩೧ರಲ್ಲಿ ಅವನು ಆ ರೈಲುದಾರಿಗಳ ನಕ್ಷೆಯನ್ನು ಹೊಸ ರೀತಿಯಲ್ಲಿ ರಚಿಸಿದನು. ದಾರಿಗಳ ನಿಜವಾದ ಅಂಕುಡೊಂಕುಗಳನ್ನೆಲ್ಲ ಬಿಟ್ಟು, ಅಡ್ಡ ರೇಖೆ, ಉದ್ದ ರೇಖೆ ಮತ್ತು ೪೫ ಡಿಗ್ರಿಯ ಓರೆ ರೇಖೆ ಇವಿಷ್ಟರಿಂದಲೇ ಅವನ್ನು ತೋರಿಸಿದನು. ನಿಲ್ದಾಣಗಳು ಕಿಕ್ಕಿರಿದ ನಗರಮಧ್ಯವನ್ನು ಹಿಗ್ಗಿಸಿದನು, ದೂರದ ಹೊರವಲಯಗಳನ್ನು ಕುಗ್ಗಿಸಿದನು. ನೆಲದ ಮೇಲಿನ ಗುರುತುಗಳಲ್ಲಿ ಥೇಮ್ಸ್ ನದಿಯೊಂದನ್ನು ಮಾತ್ರ ಉಳಿಸಿಕೊಂಡನು. ಇದು ಅತಿರೇಕವೆಂದು ಮೊದಲು ತಿರಸ್ಕೃತವಾದರೂ, ೧೯೩೩ರಲ್ಲಿ ಅಚ್ಚಾಗಿ ಹೊರಬಂದಾಗ ಜನರು ಅದನ್ನು ಕೂಡಲೇ ಮೆಚ್ಚಿಕೊಂಡರು. ಇಂದು ಬೆಂಗಳೂರಿನ ಮೆಟ್ರೋ ನಿಲ್ದಾಣದಲ್ಲಿ ನಾವು ಕಾಣುವ ಮಾರ್ಗಚಿತ್ರವೂ ಇದೇ ವಂಶಕ್ಕೆ ಸೇರಿದುದು.

ಹಾಗಾದರೆ ಬೆಕ್ಕನ ಮಾರ್ಗವನ್ನೇ ಕಾಲೇಜಿನ ನಕ್ಷೆಗೂ ಅನುಸರಿಸಬಹುದೆ? ಪೂರ್ತಿಯಾಗಿ ಸಾಧ್ಯವಿಲ್ಲ. ರೈಲಿನಲ್ಲಿ ಕುಳಿತವನು ತಿರುವುಗಳ ಗೊಡವೆಗೆ ಹೋಗಬೇಕಾಗಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು, ಎಲ್ಲಿ ಇಳಿಯಬೇಕು ಎಂಬುದು ತಿಳಿದರೆ ಅವನಿಗೆ ಸಾಕು. ನಡೆಯುವವನಾದರೋ ತಿರುವುಗಳನ್ನು ತಾನೇ ಆರಿಸಿಕೊಳ್ಳಬೇಕು, ದೂರವನ್ನು ತನ್ನ ಕಾಲುಗಳಿಂದಲೇ ಅಳೆಯಬೇಕು. ಆದಕಾರಣ ನಮ್ಮ ನಕ್ಷೆಯಲ್ಲಿ ದೂರ ಮತ್ತು ದಿಕ್ಕು ಸುಮಾರಾಗಿಯಾದರೂ ನಿಜವಾಗಿರಬೇಕು. ಮೊದಲು ಸರಿಯಾಗಿ ಅಳೆದು, ಅನಂತರ ತಿಳಿದು ಬಿಡುವುದೇ ಕ್ರಮ.

ಅಳತೆ

ಅಳೆಯುವುದಕ್ಕೆ ದುಬಾರಿಯಾದ ಉಪಕರಣಗಳು ಬೇಕೆಂದೇನೂ ಇಲ್ಲ. ಆಟದ ಮೈದಾನದಲ್ಲಿ ಟೇಪಿನಿಂದ ೧೦೦ ಮೀಟರನ್ನು ಗುರುತಿಸಿ, ಸಹಜವಾದ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆಗಳನ್ನು ಎಣಿಸಿರಿ. ಎಣಿಕೆಯು ೧೩೨, ೧೩೫, ೧೩೩ ಎಂದು ಬಂದರೆ ಸರಾಸರಿ ೧೩೩.೩, ಒಂದು ಹೆಜ್ಜೆಗೆ ೭೫ ಸೆಂಟಿಮೀಟರು. ಇನ್ನು ೨೪೦ ಹೆಜ್ಜೆಗಳ ದಾರಿಯೆಂದರೆ ೧೮೦ ಮೀಟರಿನ ದಾರಿ.

ನಡುವೆ ಕೊಳವೋ ತೋಟವೋ ಅಡ್ಡವಾದಾಗ ತ್ರಿಕೋಣಮಿತಿಯ ನೆರವನ್ನು ಪಡೆಯಬೇಕು. ೧೦೦ ಮೀಟರಿನ ಒಂದು ಆಧಾರರೇಖೆಯ ಎರಡು ತುದಿಗಳಲ್ಲಿ ನಿಂತು ದೂರದ ನೀರಿನ ತೊಟ್ಟಿಯ ಗೋಪುರವನ್ನು ನೋಡಿದೆವೆನ್ನೋಣ. ಮೊದಲನೆಯ ತುದಿಯಲ್ಲಿ ಕೋನವು ೬೦ ಡಿಗ್ರಿ, ಎರಡನೆಯದರಲ್ಲಿ ೭೫ ಡಿಗ್ರಿ ಇದ್ದರೆ ಗೋಪುರದ ಬಳಿಯ ಕೋನವು ೪೫ ಡಿಗ್ರಿ. ಸೈನ್ ನಿಯಮದಂತೆ, ಮೊದಲನೆಯ ತುದಿಯಿಂದ ಗೋಪುರದ ದೂರವು ೭೫ ಡಿಗ್ರಿಯ ಸೈನನ್ನು ೪೫ ಡಿಗ್ರಿಯ ಸೈನಿನಿಂದ ಭಾಗಿಸಿ ೧೦೦ರಿಂದ ಗುಣಿಸಿದಷ್ಟು, ಅಂದರೆ ಸುಮಾರು ೧೩೬.೬ ಮೀಟರು. ಗೋಪುರದವರೆಗೆ ನಾವು ಒಂದು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ೧೮೦೨ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ೧೨ ಕಿಲೋಮೀಟರುಗಳ ಆಧಾರರೇಖೆಯನ್ನು ಅಳೆದು, ತ್ರಿಕೋಣದ ಪಕ್ಕಕ್ಕೆ ತ್ರಿಕೋಣವನ್ನು ಹೆಣೆಯುತ್ತ ದಕ್ಷಿಣ ಭಾರತವನ್ನು ಅಳೆಯತೊಡಗಿದುದೂ ಈ ತತ್ತ್ವದಿಂದಲೇ. ೧೮೦೪ರಲ್ಲಿ ಅವನು ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ತನ್ನ ಲೆಕ್ಕವನ್ನು ಪರೀಕ್ಷಿಸಿಕೊಂಡನು.

ಉತ್ತರ ದಿಕ್ಕನ್ನು ಕಂಡುಹಿಡಿಯಲು ದಿಕ್ಸೂಚಿಯೊಂದೇ ಸಾಲದು. ಕಬ್ಬಿಣದ ಗೇಟು ಮತ್ತು ಕಂಬಗಳ ಸಮೀಪದಲ್ಲಿ ಸೂಜಿಯು ವಾಲುತ್ತದೆ. ಒಂದು ಡಿಗ್ರಿಯ ತಪ್ಪು ಅಲ್ಪವೆಂದು ತೋರಬಹುದು. ಆದರೆ ೬೦೦ ಮೀಟರು ದೂರ ಹೋಗುವಷ್ಟರಲ್ಲಿ ಅದು ಹತ್ತು ಮೀಟರಿಗೂ ಮೀರಿದ ತಪ್ಪಾಗಿ ಬೆಳೆದಿರುತ್ತದೆ. ಇದಕ್ಕಿಂತ ನಂಬಿಕೆಗೆ ಅರ್ಹವಾದುದು ನಮ್ಮ ದೇಶದ ಪ್ರಾಚೀನ ಶಂಕುವಿಧಾನ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಇದರ ವಿವರಣೆಯಿದೆ. ಸಮನಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತವನ್ನು ಎಳೆಯಿರಿ. ಬೆಳಗ್ಗೆ ನೆರಳಿನ ತುದಿಯು ವೃತ್ತವನ್ನು ಮುಟ್ಟುವ ಸ್ಥಳವನ್ನೂ, ಮಧ್ಯಾಹ್ನ ಕಳೆದ ಮೇಲೆ ಮತ್ತೆ ಮುಟ್ಟುವ ಸ್ಥಳವನ್ನೂ ಗುರುತಿಸಿರಿ. ಈ ಎರಡನ್ನೂ ಸೇರಿಸಿದ ರೇಖೆಯು ಪೂರ್ವಪಶ್ಚಿಮ. ಅದಕ್ಕೆ ಎಳೆದ ಲಂಬವು ಉತ್ತರದಕ್ಷಿಣ.

ಮುಂದೆ ಪ್ರಮಾಣದ ವಿಚಾರ. ೬೦೦ ಮೀಟರು ಉದ್ದ, ೪೦೦ ಮೀಟರು ಅಗಲದ ಆವರಣವನ್ನು ೧.೨ ಮೀಟರು ಉದ್ದ, ೦.೮ ಮೀಟರು ಅಗಲದ ಹಲಗೆಯ ಮೇಲೆ ತೋರಿಸಬೇಕಾದರೆ ೫೦೦ಕ್ಕೆ ೧ರಂತೆ ಕುಗ್ಗಿಸಬೇಕು. ನೆಲದ ೫ ಮೀಟರು ಹಲಗೆಯ ಮೇಲೆ ೧ ಸೆಂಟಿಮೀಟರಾಗುವುದು. ಆಗ ೮೦ ಸೆಂಟಿಮೀಟರು ಅಗಲದ ಬಾಗಿಲು ಹಲಗೆಯ ಮೇಲೆ ಎಷ್ಟಾಗುವುದು? ೧.೬ ಮಿಲಿಮೀಟರು! ನಡೆಯುವವನಿಗೆ ಅತ್ಯಗತ್ಯವಾದ ಬಾಗಿಲೇ ಕಣ್ಣಿಗೆ ಕಾಣದಂತಾಗುವುದು. ಅವನಿಗೆ ನಿಷ್ಪ್ರಯೋಜಕವಾದ ಹುಲ್ಲುಹಾಸು ಅಂಗೈಯಷ್ಟು ಜಾಗವನ್ನು ಆಕ್ರಮಿಸುವುದು. ಆದುದರಿಂದ ಬಾಗಿಲುಗಳನ್ನು ಪ್ರಮಾಣಕ್ಕೆ ಮೀರಿ ಹಿಗ್ಗಿಸಿ, ಎದ್ದುಕಾಣುವ ತ್ರಿಕೋಣಗಳಿಂದ ಗುರುತಿಸುವುದು ಸುಳ್ಳಾಗದು.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು?

೧೭೩೬ರಲ್ಲಿ ಗಣಿತಜ್ಞ ಆಯ್ಲರನು ಕ್ಯೋನಿಗ್ಸ್‌ಬೆರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದನು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಪಟ್ಟಣವನ್ನು ಸುತ್ತಬಹುದೆ ಎಂಬುದು ಪ್ರಶ್ನೆ. ಆಗದೆಂಬುದು ಅವನ ಉತ್ತರ. ಉತ್ತರಕ್ಕಿಂತಲೂ ಅವನ ವಿಚಾರಕ್ರಮ ನಮಗೆ ಮುಖ್ಯ. ಸೇತುವೆಗಳ ಉದ್ದವೂ ದ್ವೀಪದ ಆಕಾರವೂ ಇಲ್ಲಿ ಅಪ್ರಸ್ತುತ, ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಪ್ರಸ್ತುತ ಎಂದು ಅವನು ಕಂಡುಕೊಂಡನು. ದಾರಿಯ ನಕ್ಷೆಯ ಎಲುಬುಗೂಡು ಇದೇ. ಮೊದಲು ಕಾಗದದ ಮೇಲೆ ದಾರಿಗಳು ಕೂಡುವ ಸ್ಥಳಗಳನ್ನು ಬಿಂದುಗಳಾಗಿಯೂ ದಾರಿಗಳನ್ನು ರೇಖೆಗಳಾಗಿಯೂ ಬರೆದುಕೊಳ್ಳಬೇಕು. ಪ್ರತಿಯೊಂದು ಬಿಂದುವಿನಲ್ಲಿ ನಿಂತವನು ‘ಈಗ ಎತ್ತ?’ ಎಂದು ಕೇಳಿಕೊಳ್ಳುತ್ತಾನೆ. ಆ ಪ್ರಶ್ನೆಗೆ ನೆರವಾಗುವುದನ್ನು ಉಳಿಸಬೇಕು, ಉಳಿದುದನ್ನು ಅಳಿಸಬೇಕು.

ಅಮೆರಿಕದ ನಗರಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ನಿವಾಸಿಗಳನ್ನು ವಿಚಾರಿಸಿ, ಜನರು ತಮ್ಮ ಊರನ್ನು ಮನಸ್ಸಿನಲ್ಲಿ ಹೇಗೆ ಇಟ್ಟುಕೊಂಡಿರುತ್ತಾರೆಂಬುದನ್ನು ೧೯೬೦ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದನು. ದಾರಿಗಳು, ಅಂಚುಗಳು, ವಲಯಗಳು, ಕೂಡುಸ್ಥಳಗಳು, ಎದ್ದುಕಾಣುವ ಗುರುತುಗಳು ಎಂಬ ಐದು ಅಂಶಗಳಿಂದ ಮನಸ್ಸಿನ ನಕ್ಷೆ ರೂಪುಗೊಳ್ಳುತ್ತದೆಂದು ಅವನ ನಿರ್ಣಯ. ನಮ್ಮ ಆವರಣದಲ್ಲಿ ಕಾಂಪೌಂಡು ಗೋಡೆಯು ಅಂಚು. ವಿದ್ಯಾರ್ಥಿನಿಲಯಗಳ ಗುಂಪು ಒಂದು ವಲಯ. ಕ್ಯಾಂಟೀನಿನ ಮುಂದಿನ ನಾಲ್ಕು ದಾರಿಗಳ ಚೌಕವು ಕೂಡುಸ್ಥಳ. ಹಳೆಯ ಬಾವಿ ಮತ್ತು ಅದರ ಪಕ್ಕದ ಆಲದ ಮರವು ಗುರುತು. ಹಳೆಯ ನಕ್ಷೆಯಲ್ಲಿ ಆಲದ ಮರವೇ ಇರಲಿಲ್ಲ! ‘ಆಲದ ಮರದ ಹತ್ತಿರ ತಿರುಗಿಕೋ’ ಎಂದು ಜವಾನರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು; ನಕ್ಷೆ ಬರೆದವರಿಗೆ ಅದು ಕಂಡಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಲ್‌ಮೊಹರ್, ಮಹಾಗನಿ, ಸಿಲ್ವರ್ ಓಕ್ ಎಂದು ಮರಗಳ ಹೆಸರುಗಳನ್ನೇ ದಾರಿಗಳಿಗೆ ಇಟ್ಟಿದ್ದಾರೆ. ಸಾಲುಮರವೇ ಅಲ್ಲಿ ದಾರಿಯ ಹೆಸರನ್ನು ನೆನಪಿಗೆ ತಂದುಕೊಡಬಲ್ಲುದು.

ದಾರಿಯೆಂದರೆ ಎಲ್ಲರಿಗೂ ದಾರಿಯಾಗಿರಬೇಕು ಎಂಬುದನ್ನೂ ಮರೆಯಲಾಗದು. ಗಾಲಿಕುರ್ಚಿಯಲ್ಲಿ ಬರುವವನಿಗೆ ಮೂರು ಮೆಟ್ಟಿಲುಗಳು ಒಂದು ಗೋಡೆಗೆ ಸಮಾನ. ಅವನ ಮಟ್ಟಿಗೆ ಆ ರೇಖೆ ನಕ್ಷೆಯಲ್ಲಿ ಕಡಿದುಹೋಗಿದೆ. ಮೆಟ್ಟಿಲು ಎಲ್ಲಿದೆ, ಇಳಿಜಾರಿನ ದಾರಿ ಎಲ್ಲಿದೆ ಎಂಬುದನ್ನು ಬೇರೆ ಬೇರೆ ಗುರುತುಗಳಿಂದ ತೋರಿಸಲೇಬೇಕು.

ಹಲಗೆಯ ತಲೆ ಯಾವ ದಿಕ್ಕಿಗೆ?

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಉತ್ತರದ ದ್ವಾರದಿಂದ ಒಳಕ್ಕೆ ಬಂದವರ ಮುಖವು ದಕ್ಷಿಣಕ್ಕೆ ಇರುವುದು. ಆಗ ಪೂರ್ವವು ಅವರ ಎಡಕ್ಕೆ. ನಕ್ಷೆಯಲ್ಲಾದರೋ ಉತ್ತರವು ಮೇಲೆ ಇದ್ದುದರಿಂದ ಪೂರ್ವವು ಬಲಕ್ಕೆ ಇತ್ತು. ನಿಂತ ನಕ್ಷೆಯನ್ನು ನೋಡುವವರು ಅದರ ಮೇಲ್ಭಾಗವನ್ನು ‘ಮುಂದೆ’ ಎಂದೂ ಬಲಭಾಗವನ್ನು ‘ಬಲ’ ಎಂದೂ ಸಹಜವಾಗಿ ಭಾವಿಸುತ್ತಾರೆ. ಹಲಗೆಯೂ ನೆಲವೂ ಒಂದಕ್ಕೊಂದು ೧೮೦ ಡಿಗ್ರಿ ತಿರುಗಿದ್ದುವು. ಆ ವಿದ್ಯಾರ್ಥಿನಿ ನಕ್ಷೆಯನ್ನು ತಪ್ಪಾಗಿ ಓದಲಿಲ್ಲ. ನಕ್ಷೆಯೇ ಅವಳಿಗೆ ಬೆನ್ನುಮಾಡಿ ನಿಂತಿತ್ತು.

ಇದು ಅವಳೊಬ್ಬಳ ಅನುಭವವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ ಮತ್ತು ಅವನ ಸಹೋದ್ಯೋಗಿಗಳು ೧೯೮೦ರ ದಶಕದಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ನಕ್ಷೆಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ನೆಲಕ್ಕೆ ಹೊಂದದಂತೆ ತಿರುಗಿದ ನಕ್ಷೆಯನ್ನು ನೋಡಿದವರು ಎಷ್ಟೋ ಸಲ ತದ್ವಿರುದ್ಧ ದಿಕ್ಕಿಗೆ ಹೊರಟುಹೋಗುವುದು ಕಂಡುಬಂದಿತು. ಪ್ರಾಣಿಗಳ ಮಿದುಳಿನಲ್ಲಿ ಸ್ಥಳವನ್ನು ಗುರುತಿಸುವ ಜೀವಕೋಶಗಳಿರುವುದನ್ನು ಜಾನ್ ಓಕೀಫ್ ೧೯೭೧ರಲ್ಲಿಯೇ ತೋರಿಸಿದ್ದನು. ಮುಂದೆ ೨೦೧೪ರಲ್ಲಿ ಮೋಸರ್ ದಂಪತಿಗಳೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮೊಳಗೆ ನಕ್ಷೆಯಿರುವುದು ನಿಜವಾದರೂ, ಹೊರಗಿನ ನಕ್ಷೆಯನ್ನು ತಲೆಯೊಳಗೆ ತಿರುಗಿಸಿಕೊಳ್ಳುವುದು ಶ್ರಮದ ಕೆಲಸ. ಅವಸರದಲ್ಲಿರುವವನಿಂದ ಆ ಶ್ರಮವನ್ನು ಬೇಡಬಾರದು.

ಆದುದರಿಂದ ಹಲಗೆಯ ನಿಯಮ ಇದು: ಓದುವವನ ಮುಂದೆ ಇರುವುದು ನಕ್ಷೆಯಲ್ಲಿ ಮೇಲಿರಬೇಕು. ಒಂದೇ ನಕ್ಷೆಯ ನಾಲ್ಕು ಪ್ರತಿಗಳನ್ನು ಅಚ್ಚುಹಾಕಿಸಿ ನಾಲ್ಕು ದ್ವಾರಗಳಲ್ಲಿ ನಿಲ್ಲಿಸಿದರೆ ಹಣ ಉಳಿಯಬಹುದು, ದಾರಿ ಉಳಿಯದು. ಪ್ರತಿಯೊಂದು ಹಲಗೆಗೂ ಚಿತ್ರವನ್ನು ತಕ್ಕಂತೆ ತಿರುಗಿಸಿ, ಅಕ್ಷರಗಳನ್ನು ಮಾತ್ರ ನೆಟ್ಟಗೆ ಬರೆಯಬೇಕು. ಕನ್ನಡಿಯ ಬಿಂಬದಂತೆ ಎಡಬಲಗಳನ್ನು ಅದಲುಬದಲು ಮಾಡುವುದು ಬೇರೆ, ತಿರುಗಿಸುವುದು ಬೇರೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಇಲ್ಲಿ ಮೊದಲು ಎಡವಿದರು. ಕೈಯಲ್ಲಿ ಹಿಡಿಯುವ ಕಾಗದದ ನಕ್ಷೆಗೆ ಈ ತೊಡಕಿಲ್ಲ. ಓದುವವನು ಅದನ್ನೇ ತಿರುಗಿಸಿ ಹಿಡಿದುಕೊಳ್ಳಬಲ್ಲನು. ಅಲ್ಲಿ ಉತ್ತರವು ಮೇಲಿದ್ದರೆ ಬಾಧೆಯಿಲ್ಲ.

‘ನೀವು ಇಲ್ಲಿದ್ದೀರಿ’ ಎಂಬ ಒಂದು ಕೆಂಪು ಚುಕ್ಕೆಯೂ ಸಾಲದು. ಒಂದು ಬಿಂದುವು ಸ್ಥಾನವನ್ನು ತಿಳಿಸುತ್ತದೆಯೇ ಹೊರತು ದಿಕ್ಕನ್ನಲ್ಲ. ಆ ಬಿಂದುವಿನ ಸುತ್ತ ನಕ್ಷೆಯನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಕಣ್ಣೆದುರಿಗೆ ಕಾಣುವ ಎರಡನೆಯ ಬಿಂದು, ಉದಾಹರಣೆಗೆ ಗಡಿಯಾರದ ಗೋಪುರ, ನಕ್ಷೆಯಲ್ಲಿಯೂ ಇದ್ದರೆ ದಿಕ್ಕು ಸ್ಥಿರವಾಗುತ್ತದೆ. ನಡುವಣ ಅಂತರದಿಂದ ಪ್ರಮಾಣದ ಅಂದಾಜೂ ಸಿಗುತ್ತದೆ.

ಅಕ್ಷರ ಮತ್ತು ಬಣ್ಣ

ಆರೋಗ್ಯವಂತವಾದ ಕಣ್ಣು ಸುಮಾರು ಒಂದು ಮಿನಿಟಿನ ಕೋನದಲ್ಲಿರುವ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟಿರುವ ವಿವರವನ್ನು ಬೇರ್ಪಡಿಸಿ ಕಾಣಬಲ್ಲುದು. ಒಂದು ಮೀಟರು ದೂರದಲ್ಲಿ ಇದು ೦.೨೯ ಮಿಲಿಮೀಟರು. ಕಣ್ಣಿನ ವೈದ್ಯರು ೬ ಮೀಟರು ದೂರದಲ್ಲಿ ಓದಿಸುವ ರೋಮನ್ ಅಕ್ಷರದ ಎತ್ತರವನ್ನು ಇಂಥ ಐದು ವಿವರಗಳಷ್ಟು ಎಂದು ಇಟ್ಟುಕೊಂಡಿದ್ದಾರೆ, ಅದು ೮.೭ ಮಿಲಿಮೀಟರು.

ಕನ್ನಡಕ್ಕೆ ಈ ಲೆಕ್ಕ ಸಾಲದು. ನಮ್ಮ ಅಕ್ಷರಗಳಿಗೆ ತಲೆಕಟ್ಟು ಇದೆ, ಕೊಂಬು ಇದೆ, ಕೆಳಗೆ ಒತ್ತಕ್ಷರವಿದೆ. ‘ಭೌತಶಾಸ್ತ್ರ’ ಎಂಬ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು. ಒತ್ತೂ ಸೇರಿದಂತೆ ಎತ್ತರದಲ್ಲಿ ಹತ್ತು ವಿವರಗಳನ್ನು ಎಣಿಸೋಣ. ಒಂದೂವರೆ ಮೀಟರಿನಿಂದ ಓದಬೇಕಾದರೆ ಒಂದು ವಿವರಕ್ಕೆ ೦.೪೪ ಮಿಲಿಮೀಟರು, ಹತ್ತಕ್ಕೆ ೪.೪ ಮಿಲಿಮೀಟರು. ಇದು ಕಣ್ಣಿನ ಶಕ್ತಿಯ ಕೊನೆಯ ಮೇರೆ. ಮುಸ್ಸಂಜೆಯ ಬೆಳಕನ್ನೂ ವಯಸ್ಸಾದವರ ಕಣ್ಣನ್ನೂ ಗಮನಿಸಿ ಇದನ್ನು ಮೂರು ಪಟ್ಟು ಮಾಡಿದರೆ ೧೩ ಮಿಲಿಮೀಟರು ಆಗುವುದು. ‘ದಾರಿಯ ನಕ್ಷೆ’ ಎಂಬ ತಲೆಬರಹವು ೧೫ ಮೀಟರು ದೂರಕ್ಕೆ ಕಾಣಬೇಕಾದರೆ ಅದರ ಹತ್ತರಷ್ಟು, ಅಂದರೆ ೧೩ ಸೆಂಟಿಮೀಟರು ಎತ್ತರ ಬೇಕು. ಹಳೆಯ ಹಲಗೆಯ ಹೆಸರುಗಳು ೬ ಮಿಲಿಮೀಟರು ಇದ್ದುವು.

ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಪುರುಷರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪುಹಸಿರುಗಳ ಭೇದವು ಚೆನ್ನಾಗಿ ತಿಳಿಯುವುದಿಲ್ಲ. ‘ಕೆಂಪು ದಾರಿಯನ್ನು ಹಿಡಿ, ಹಸಿರನ್ನು ಬಿಡು’ ಎಂದು ಹೇಳುವ ನಕ್ಷೆಯು ಅವರಿಗೆ ಏನನ್ನೂ ಹೇಳಿದಂತಾಗದು. ಬಣ್ಣದೊಡನೆ ಅಂಕಿಯೋ ಅಕ್ಷರವೋ ಇರಬೇಕು. ಬಣ್ಣಗಳಲ್ಲಿ ಒಂದು ಗಾಢ, ಒಂದು ತೆಳು ಎಂಬ ಭೇದವೂ ಇರಬೇಕು. ಇಲ್ಲಿ ಗಣಿತವೊಂದು ಸಮಾಧಾನವನ್ನು ಕೊಡುತ್ತದೆ. ಒಂದೊಂದೂ ಅಖಂಡವಾಗಿರುವ ವಲಯಗಳು ಎಷ್ಟೇ ಇರಲಿ, ನೆರೆಹೊರೆಯ ಎರಡಕ್ಕೆ ಒಂದೇ ಬಣ್ಣ ಬಾರದಂತೆ ತುಂಬಲು ನಾಲ್ಕು ಬಣ್ಣಗಳು ಸಾಕು. ೧೮೫೨ರಲ್ಲಿ ಹುಟ್ಟಿದ ಈ ಊಹೆಯನ್ನು ೧೯೭೬ರಲ್ಲಿ ಅಪೆಲ್ ಮತ್ತು ಹಾಕೆನ್ ಎಂಬವರು ಗಣಕಯಂತ್ರದ ಸಹಾಯದಿಂದ ಸಾಧಿಸಿ ತೋರಿಸಿದರು.

ಕೊನೆಯ ಪರೀಕ್ಷೆ

‘ಎಲ್ಲರ ಕೈಯಲ್ಲಿಯೂ ಫೋನಿದೆ, ಇಷ್ಟೆಲ್ಲ ಏಕೆ?’ ಎಂದು ವಾಚಕರು ಕೇಳಬಹುದು. ಉಪಗ್ರಹಗಳ ಸಂಕೇತದಿಂದ ಫೋನು ತೆರೆದ ಬಯಲಿನಲ್ಲಿ ನಮ್ಮ ಸ್ಥಾನವನ್ನು ಕೆಲವು ಮೀಟರುಗಳ ವ್ಯತ್ಯಾಸದೊಳಗೆ ಹೇಳಬಲ್ಲುದು, ನಿಜ. ಆದರೆ ಕಾಂಕ್ರೀಟಿನ ಚಾವಣಿಯ ಕೆಳಗೆ ಆ ಸಂಕೇತವು ಕ್ಷೀಣಿಸುತ್ತದೆ. ಯಾವ ಬಾಗಿಲು ತೆರೆದಿರುವುದು, ಯಾವ ಮಹಡಿಗೆ ಹತ್ತಬೇಕು ಎಂಬುದನ್ನು ಆವರಣದವರು ತಿಳಿಸಿದ್ದರೆ ಮಾತ್ರ ಅದೂ ಹೇಳೀತು. ಮೇಲಾಗಿ ಪರೀಕ್ಷೆಗೆ ಬರುವವರು ಫೋನನ್ನು ಮನೆಯಲ್ಲಿಯೇ ಬಿಟ್ಟು ಬಂದಿರುವುದೂ ಉಂಟು.

ನಕ್ಷೆ ಸಿದ್ಧವಾದ ಮೇಲೆ ಅದನ್ನು ಬಣ್ಣಕ್ಕೆ ಏರಿಸುವ ಮೊದಲು ಒಂದು ಪರೀಕ್ಷೆಗೆ ಒಡ್ಡಬೇಕು. ಆವರಣವನ್ನು ಹಿಂದೆಂದೂ ನೋಡದ ಐವರನ್ನು ಕರೆತನ್ನಿರಿ. ನಮ್ಮ ಸಹೋದ್ಯೋಗಿಗಳು ಇದಕ್ಕೆ ಬರುವುದಿಲ್ಲ. ದಾರಿ ಗೊತ್ತಿರುವವನಿಗೆ ಎಂಥ ನಕ್ಷೆಯೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕೊಠಡಿಯ ಹೆಸರನ್ನು ಮಾತ್ರ ಕೊಟ್ಟು ಕಳುಹಿಸಿ, ಹಿಂದಿನಿಂದ ಮೌನವಾಗಿ ನಡೆಯಿರಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಿರುಗಿ ನೋಡಿದರು ಎಂಬುದನ್ನು ಬರೆದುಕೊಳ್ಳಿರಿ. ನಿಮಿಷಕ್ಕೆ ೮೦ ಮೀಟರಿನಂತೆ ೩೨೦ ಮೀಟರಿನ ದಾರಿಗೆ ನಾಲ್ಕು ನಿಮಿಷಗಳು ಸಾಕು; ಅದಕ್ಕಿಂತ ಹೆಚ್ಚಾಗಿ ತಗಲಿದ ಕಾಲವು ನಕ್ಷೆಯ ದೋಷದ ಅಳತೆ.

ನಾವು ಹಾಗೆ ಮಾಡಿದಾಗ ಮೂವರು ಒಂದೇ ಸ್ಥಳದಲ್ಲಿ, ವಿಜ್ಞಾನ ವಿಭಾಗದ ಹಿಂಬಾಗಿಲಿನಲ್ಲಿ ನಿಂತುಬಿಟ್ಟರು. ಆ ಬಾಗಿಲಿಗೆ ಸದಾ ಬೀಗ ಹಾಕಿರುತ್ತದೆಂಬುದು ನಮಗೆಲ್ಲ ಗೊತ್ತಿದ್ದುದರಿಂದಲೇ ಯಾರಿಗೂ ಅದನ್ನು ಅಳಿಸಬೇಕೆಂದು ತೋಚಿರಲಿಲ್ಲ. ಅದನ್ನು ಅಳಿಸಿದೆವು. ಎರಡನೆಯ ಸಲ ಬೇರೆ ಐವರು ಎಲ್ಲಿಯೂ ನಿಲ್ಲದೆ ಹೋಗಿ ಮುಟ್ಟಿದರು. ಅನಂತರವೇ ಬಣ್ಣ ಬಳಿಯುವವರನ್ನು ಕರೆಸಿದೆವು.

ಈಗ ಮಹಾದ್ವಾರದ ಹಲಗೆಯಲ್ಲಿ ದಕ್ಷಿಣವು ಮೇಲಿದೆ. ‘ಭೂಗೋಳದ ಪಾಠವನ್ನೇ ತಲೆಕೆಳಗು ಮಾಡಿದ್ದೀರಿ’ ಎಂದು ಹಿರಿಯರೊಬ್ಬರು ಆಕ್ಷೇಪಿಸಿದ್ದೂ ಉಂಟು. ಪ್ರತಿವರ್ಷ ಪ್ರವೇಶ ಪರೀಕ್ಷೆಯ ದಿನ ನಾವು ಸ್ವಲ್ಪ ಮೊದಲೇ ಬಂದು ಆ ಹಲಗೆಯಿಂದ ತುಸು ದೂರದಲ್ಲಿ ನಿಲ್ಲುತ್ತೇವೆ. ಬಂದವರು ನೋಡುತ್ತಾರೆ, ತಲೆಯೆತ್ತಿ ಗಡಿಯಾರದ ಗೋಪುರವನ್ನು ಹುಡುಕುತ್ತಾರೆ, ಎಡಕ್ಕೆ ತಿರುಗುತ್ತಾರೆ. ಅಂದು ಬಾಗಿಲಿನಿಂದ ಹಿಂದಿರುಗಿದವಳಿಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ ಎಂಬುದನ್ನು ನಾವು ಮರೆತಿಲ್ಲ. ವಾಚಕರ ಶಾಲೆ ಕಾಲೇಜುಗಳಲ್ಲಿಯೂ ಇಂಥ ಹಲಗೆಯೊಂದು ಇರಬಹುದು. ನಾಳೆ ಅದರ ಮುಂದೆ ನಿಂತು, ಅದರ ಬಲಭಾಗವು ನಿಮ್ಮ ಬಲಕ್ಕೇ ಇದೆಯೇ ಎಂದು ನೋಡಿರಿ. ಇಲ್ಲವಾದರೆ, ಒಂದು ಟೇಪು, ಒಂದು ಕೋಲು ಮತ್ತು ಐವರು ಗೆಳೆಯರು ಇದ್ದರೆ ಕೆಲಸವನ್ನು ಪ್ರಾರಂಭಿಸಬಹುದು.